ಅಳತೆಗೆ ಸರಿಯಾಗಿದ್ದ ಅಂಗಿ

ಯಾವ ಬೀದಿಗೆ ಹೋದರೂ ಒಂದಲ್ಲ ಒಂದು ಮನೆಯಲ್ಲಿ ಈ ಮಾತು ಕೇಳಿಸುತ್ತದೆ: "ನಮ್ಮ ಮಗು ಏನೂ ತಿನ್ನಲ್ಲ ಕಣ್ರೀ, ಯಾವಾಗ ನೋಡಿದ್ರೂ ಹುಷಾರಿರಲ್ಲ." ಕೇಳಿದವರು "ದೊಡ್ಡದಾದ ಮೇಲೆ ಸರಿಹೋಗತ್ತೆ ಬಿಡಿ" ಎನ್ನುತ್ತಾರೆ. ಅಲ್ಲಿಗೆ ಆ ಮಾತು ಮುಗಿದು ಸೊಪ್ಪಿನ ಬೆಲೆ ಶುರುವಾಗುತ್ತದೆ. ನಮ್ಮ ಬೀದಿಯಲ್ಲಿ ಆ ಮನೆ ದರ್ಜಿಯದು. ನನ್ನ ಹಿಟ್ಟಿನ ಗಿರಣಿಯ ಎದುರೇ ಅವನ ಅಂಗಡಿ. ಗಿರಣಿಯ ಸದ್ದಿನಲ್ಲಿ ಬದುಕುವವಳಿಗೆ ಕಿವಿ ಮಂದ ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನನಗೆ ಎಲ್ಲವೂ ಕೇಳಿಸುತ್ತದೆ, ಎದುರು ಮನೆಯದಂತೂ ಇನ್ನೂ ಚೆನ್ನಾಗಿ.

ದರ್ಜಿಯ ಕೈ ಚೆನ್ನ, ಬಾಯಿ ಇನ್ನೂ ಚೆನ್ನ. "ನನ್ನ ಅಳತೆ ತಪ್ಪಿದ್ರೆ ಹೆಸರು ಬದಲಾಯಿಸ್ಕೊತೀನಿ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಾಗಿಲ ಬಳಿ ಬೆಳಕು ಬೀಳುವ ಕಡೆ ಅವನ ಹೆಂಡತಿ ಕೂತು ಕಾಜಾ ಹೊಲಿಯುತ್ತಾಳೆ, ಗುಂಡಿ ಹಾಕುತ್ತಾಳೆ. ಪರದೆಯ ಹಿಂದಿನ ಅಡುಗೆ ಅವನ ತಾಯಿಯದು. ಬೀದಿಗೆಲ್ಲ ಅವರು ಅಜ್ಜಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರು ಬಟ್ಟೆಗಳ ರಾಶಿಯ ಮೇಲೆ ಕೂತಿರುವವನು ಗುಂಡ.

ಹುಟ್ಟಿದಾಗ ಕೆನ್ನೆ ಉಬ್ಬಿಕೊಂಡು ಗುಂಡಗಿದ್ದ, ಅದಕ್ಕೇ ಗುಂಡ. ಹೆಸರು ಹಾಗೇ ಉಳಿಯಿತು, ಕೆನ್ನೆ ಉಳಿಯಲಿಲ್ಲ. ದಿನಾ ಗುಂಡ ಗುಂಡ ಎಂದು ಕರೆಯುವವರಿಗೆ ಮಗು ಗುಂಡಗೇ ಕಾಣುತ್ತದೆ. ದಿನಾ ಕಣ್ಣಮುಂದೆ ಇರುವುದು ಕಣ್ಣಿಗೆ ಬೀಳುವುದಿಲ್ಲ ನೋಡಿ.

ಅವನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೊದಲು ಭೇದಿ ಆಯಿತು. ಅಜ್ಜಿಯ ವೈದ್ಯದಲ್ಲಿ ಹೊಟ್ಟೆ ಕೆಟ್ಟರೆ ಹೊಟ್ಟೆಗೆ ರಜಾ. ಅನ್ನ ಬಸಿದ ತಿಳಿನೀರು ಮಾತ್ರ, ಅದರಲ್ಲಿ ಒಂದು ಅಗುಳೂ ಇರಬಾರದು. ಭೇದಿ ನಿಂತಿತು, ಕೆಮ್ಮು ಹಿಡಿಯಿತು. ಕೆಮ್ಮಿಗೆ ಹಾಲು ಬೇಡ, ಬಾಳೆಹಣ್ಣು ಬೇಡ, ಎಣ್ಣೆಯಂತೂ ಹತ್ತಿರವೂ ಬೇಡ ಎಂದಾಯಿತು. ಕೆಮ್ಮು ಕಡಿಮೆಯಾಗುವ ಹೊತ್ತಿಗೆ ಮತ್ತೆ ಭೇದಿ, ಮತ್ತೆ ತಿಳಿನೀರು. ಆಮೇಲೆ ಕಿವಿ ಸೋರತೊಡಗಿತು. ಹೀಗೆ ಮಗುವಿನ ಹೊಟ್ಟೆಗೆ ರಜಾ ಮೇಲೆ ರಜಾ ಸಿಕ್ಕಿತೇ ಹೊರತು ಕೆಲಸವೇ ಸಿಗಲಿಲ್ಲ.

ಅದು ಶಾಲೆಗಳು ಬಾಗಿಲು ತೆರೆಯುವ ಕಾಲ ಬೇರೆ. ಸಮವಸ್ತ್ರದ ಬಟ್ಟೆ ಅಂಗಡಿಯಲ್ಲಿ ಸೂರು ಮುಟ್ಟುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ. ಮಗು ಕುಂಯ್ ಎಂದರೆ ಕೈಗೊಂದು ಬಿಸ್ಕತ್ತು. ಅಳತೆ ಕೊಡಲು ಬಂದವರೂ ತಮ್ಮ ಟೀ ಲೋಟದಲ್ಲಿ ಅದ್ದಿ ಒಂದು ಚೂರು ಅವನ ಬಾಯಿಗಿಡುತ್ತಿದ್ದರು. ಆಮೇಲೆ ಅವನು ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ, "ಹೊಟ್ಟೆ ತುಂಬಿದೆ ಅವನಿಗೆ" ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಬರಬರುತ್ತಾ ಅವನು ಕುಂಯ್ ಎನ್ನುವುದನ್ನೂ ಬಿಟ್ಟ.

"ನಮ್ಮ ಗುಂಡನಂಥ ಮಗು ಇಲ್ಲ. ಒಂದು ಹಟ ಇಲ್ಲ, ಒಂದು ರಂಪ ಇಲ್ಲ. ಕೂರಿಸಿದ ಕಡೆ ಕೂತಿರತ್ತೆ" ಎಂದು ಅಜ್ಜಿ ಹೊಗಳುತ್ತಿದ್ದರು.

ಒಂದು ದಿನ ಅಜ್ಜಿ ಹಿಟ್ಟು ಮಾಡಿಸಲು ಬಂದವರು ಗುಂಡನನ್ನು ನನ್ನ ಕೈಗೆ ಕೊಟ್ಟು ಚೀಲದ ಬಾಯಿ ಬಿಚ್ಚತೊಡಗಿದರು. ನನ್ನದು ಮೂಟೆ ಎತ್ತುವ ಕೈ. ತಕ್ಕಡಿಗೆ ಹಾಕುವ ಮುಂಚೆಯೇ ಈ ಕೈಗೆ ತೂಕ ಗೊತ್ತಾಗುತ್ತದೆ. ಮಗುವನ್ನು ಎತ್ತಿಕೊಂಡೆ. ಬೇಸಿಗೆಗೆ ಮುಂಚೆ ಎತ್ತಿಕೊಂಡಾಗ ಇದ್ದ ಭಾರವೂ ಈಗ ಇರಲಿಲ್ಲ.

"ಅಜ್ಜಿ, ಮಗು ಹಗುರ ಆಗಿದಾನೆ" ಎಂದೆ.

"ನಿನ್ನ ಕೈಗೆ ಮೂಟೆ ಎತ್ತಿ ಅಭ್ಯಾಸ ಕಣಮ್ಮ. ಮನುಷ್ಯರ ಮಕ್ಕಳು ಹಗುರ ಅನ್ಸೋದು ಸಹಜ" ಎಂದರು ಅಜ್ಜಿ.

ನಾನು ಸುಮ್ಮನಿರುವ ಪೈಕಿ ಅಲ್ಲ. ಗಿರಣಿಯ ಸ್ವಿಚ್ಚು ಆರಿಸಿ, ಮಗುವನ್ನು ಎತ್ತಿಕೊಂಡೇ ರಸ್ತೆ ದಾಟಿದೆ. ದರ್ಜಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ನನ್ನ ಮಾತು ಕೇಳಿ ನಕ್ಕ.

"ಅಕ್ಕ, ನೀನು ಹಿಟ್ಟು ತೂಗು, ನಾನು ಮೈ ಅಳೀತೀನಿ. ಅವರವರ ಕೆಲಸ ಅವರವರಿಗೆ. ಅಂಗಿ ನೋಡು ಇವನದು. ಭುಜ ನೋಡು, ಬಗಲು ನೋಡು. ಎಲ್ಲಾದ್ರೂ ಒಂದು ನೆರಿಗೆ ಇದೆಯಾ? ಮಗು ಸಣ್ಣಗಾಗಿದ್ರೆ ಅಂಗಿ ಜೋತು ಬೀಳ್ತಿತ್ತು."

ನೋಡಿದೆ. ನಿಜವೇ. ತೆಳು ನೀಲಿ ಅಂಗಿ ಮಗುವಿನ ಮೈಗೆ ಅಚ್ಚುಕಟ್ಟಾಗಿ ಕೂತಿತ್ತು. ಗಿರಣಿಗೆ ವಾಪಸಾದೆ. ಮಾತಿನಲ್ಲಿ ನನ್ನನ್ನು ಸೋಲಿಸಿದೆನೆಂದು ಅವನು ಸಂಜೆಯವರೆಗೂ ಸಿಳ್ಳೆ ಹಾಕುತ್ತಿದ್ದ. ನನಗೆ ಮಾತ್ರ ಕೈಗೆ ಸಿಕ್ಕ ಆ ತೂಕ ಮರೆಯಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಿಳಿ ಕೋಟು ಹಿಡಿದುಕೊಂಡು ದರ್ಜಿಯ ಜೊತೆ ಜಗಳಕ್ಕೆ ಬಂದರು. ಇದು ಅವರಿಬ್ಬರ ಹಳೆಯ ಜಗಳ, ಜೇಬಿನದು. ಅವರಿಗೆ ಆಳವಾದ ಜೇಬು ಬೇಕು, ಇವನಿಗೆ ಕೋಟಿನ ಅಂದ ಕೆಡಬಾರದು. ಈ ಜಗಳ ನೋಡುವುದನ್ನು ನಾನು ಯಾವತ್ತೂ ತಪ್ಪಿಸಿಕೊಂಡವಳಲ್ಲ.

"ಅಣ್ಣ, ಇಷ್ಟು ಹೇಳಿದ್ರೂ ಮತ್ತೆ ಚಿಕ್ಕ ಜೇಬೇ ಇಟ್ಟಿದೀರಲ್ಲ. ಇದರಲ್ಲಿ ಏನು ಹಿಡಿಯತ್ತೆ?"

"ಏನು ಹಿಡೀಬೇಕು ನರ್ಸಮ್ಮ? ಕರ್ಚೀಫು ಹಿಡಿದ್ರೆ ಸಾಕು."

"ನೋಡಿ ಹಾಗಾದ್ರೆ ಏನೇನು ಹಿಡೀಬೇಕು ಅಂತ" ಎಂದು ಅವರು ಕೈಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ಪೆನ್ನು, ಥರ್ಮಾಮೀಟರು, ಬ್ಯಾಟರಿ, ಹತ್ತಿ. ಕೊನೆಗೆ ಒಂದು ಪುಟ್ಟ ಪಟ್ಟಿ ಬಂತು. ಅದರ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ. ದರ್ಜಿಗೆ ಟೇಪು ಕಂಡರೆ ಸುಮ್ಮನಿರಲಾದೀತೇ? ಬೆರಳಲ್ಲಿ ಎತ್ತಿ ಹಿಡಿದು ನಕ್ಕ.

"ಇದೇನು ಟೇಪು ನರ್ಸಮ್ಮ, ಇಷ್ಟುದ್ದನೂ ಇಲ್ಲ. ಇದರಲ್ಲಿ ಯಾರ ಸೊಂಟ ಅಳೀತೀರಿ, ಇಲೀದಾ?"

"ಸೊಂಟಕ್ಕಲ್ಲ ಅಣ್ಣ, ಚಿಕ್ಕ ಮಕ್ಕಳ ರಟ್ಟೆಗೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ. ಹಸಿರು ಬಂದ್ರೆ ಸರಿ. ಹಳದಿ ಬಂದ್ರೆ ಹುಷಾರಾಗ್ಬೇಕು. ಕೆಂಪು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು."

ನನಗೆ ಅಷ್ಟೇ ಬೇಕಿತ್ತು. "ಹಾಗಾದ್ರೆ ಈ ಮೇಜಿನ ಕೆಳಗೆ ಕೂತಿರೋ ಯಜಮಾನರ ರಟ್ಟೆ ಒಂದು ಸಲ ಅಳೆದುಬಿಡಿ. ನಮ್ಮ ತಮ್ಮನ ಅಳತೆ ಸರಿಯೋ ನನ್ನ ಕೈ ಸರಿಯೋ ಗೊತ್ತಾಗಲಿ" ಎಂದೆ.

ನರ್ಸಮ್ಮ ನಗುತ್ತಲೇ ಬಗ್ಗಿದರು. ಗುಂಡನ ಅಂಗಿಯ ತೋಳನ್ನು ಮೇಲೆ ಸರಿಸಿ, ಭುಜಕ್ಕೂ ಮೊಣಕೈಗೂ ಮಧ್ಯೆ ಪಟ್ಟಿ ಸುತ್ತಿ, ಅದರ ತುದಿಯನ್ನು ಪಟ್ಟಿಯ ತೂತಿನೊಳಗಿಂದ ಎಳೆದು ನೋಡಿದರು. ಕೆಂಪು. ಅವರ ನಗು ನಿಂತಿತು. ಮಗುವಿನ ಅಂಗೈ ಮುಟ್ಟಿದರು, ಪಾದ ಒತ್ತಿ ನೋಡಿದರು, ಕಿವಿಯ ಹತ್ತಿರ ಮೂಗು ತಂದರು. ಗುಂಡ ಅವರನ್ನು ಸುಮ್ಮನೆ ನೋಡುತ್ತಿದ್ದ.

"ಬಂಗಾರದಂಥ ಮಗು. ಯಾರು ಮುಟ್ಟಿದ್ರೂ ಅಳಲ್ಲ" ಎಂದರು ಪರದೆಯಾಚೆಯಿಂದ ಬಂದ ಅಜ್ಜಿ.

"ಅಜ್ಜಿ, ಈ ವಯಸ್ಸಿನ ಮಕ್ಕಳು ನನ್ನ ಕೋಟು ಕಂಡ್ರೇ ಊರು ಒಂದು ಮಾಡ್ತವೆ. ಇವನಿಗೆ ಅಳೋ ಶಕ್ತಿ ಇಲ್ಲ" ಎಂದು ನರ್ಸಮ್ಮ ಹೇಳಿ, "ಅಂಗಿ ತೆಗೀತೀನಿ" ಎಂದು ಗುಂಡಿ ಬಿಚ್ಚಿದರು.

ಅಂಗಿಯ ಕೆಳಗೆ ಪಕ್ಕೆಲುಬು ಎಣಿಸುವಂತಿತ್ತು. ಭುಜದ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಹೆತ್ತ ತಾಯಿ ಸೂಜಿ ಕೆಳಗಿಟ್ಟು ಎದ್ದು ಬಂದಳು. ದರ್ಜಿ ಮಾತ್ರ ಇನ್ನೂ ಹಟ ಬಿಟ್ಟಿರಲಿಲ್ಲ. "ಮಕ್ಕಳದು ಒಂದೊಂದು ಮೈಕಟ್ಟು ಇರತ್ತೆ. ಸಣ್ಣಗಾಗಿದ್ರೆ ಅಂಗಿ ಹೇಗೆ ಸರಿಹೋಗತ್ತೆ, ನೀವೇ ಹೇಳಿ" ಎಂದ.

ನರ್ಸಮ್ಮ ಆ ಅಂಗಿಯನ್ನು ಒಳಗು ಹೊರಗು ಮಾಡಿ ಮೇಜಿನ ಮೇಲೆ ಹರಡಿದರು. ಬಗಲಿನಿಂದ ಕೆಳಗಿನವರೆಗೆ ಎರಡೂ ಪಕ್ಕ ಬಟ್ಟೆ ದಪ್ಪಗೆ ಮಡಿಸಿಕೊಂಡಿತ್ತು. ಒಂದು ಹೊಲಿಗೆ, ಅದರ ಪಕ್ಕ ಒಳಗೆ ಸರಿದು ಇನ್ನೊಂದು, ಅದರ ಪಕ್ಕ ಮತ್ತೊಂದು.

"ಇದೆಲ್ಲ ಯಾರು ಹೊಲಿದದ್ದು?"

ದರ್ಜಿ ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಹೊಲಿದವನು ಅವನೇ. ಮಗುವಿಗೆ ವರ್ಷ ತುಂಬಿದಾಗ ಹೊಲಿದ ಅಂಗಿ ಅದು. ಸ್ವಲ್ಪ ಸಡಿಲ ಕಂಡಾಗ ಒಂದು ಹೊಲಿಗೆ ಒಳಗೆ ಹಾಕಿದ. ಭೇದಿ ಆದಮೇಲೆ ಇನ್ನೊಂದು. ತನ್ನ ಮಗನೇ ದೊಗಲೆ ಅಂಗಿ ಹಾಕಿಕೊಂಡು ಕೂತರೆ ಅಂಗಡಿಯ ಮರ್ಯಾದೆ ಏನಾಗಬೇಕು ಎಂದು, ಗಿರಾಕಿಗಳ ಕೆಲಸದ ನಡುವೆ, ನಿಮಿಷದ ಕೆಲಸ, ಪ್ರೀತಿಯಿಂದಲೇ ಮಾಡಿದ್ದ. ಅಂಗಿ ಪ್ರತಿ ಸಲವೂ ಸರಿಹೋಯಿತು. ಸರಿಹೋಗುತ್ತಲೇ ಇತ್ತು.

"ಎಷ್ಟು ವರ್ಷದಿಂದ ಮಕ್ಕಳ ಬಟ್ಟೆ ಹೊಲೀತಿದೀನಿ" ಎಂದ ಕೊನೆಗೆ, ಅಂಗಿಯ ಮೇಲೆ ಬೆರಳಾಡಿಸುತ್ತಾ. "ತಾಯಂದಿರು ಬರೋದು ಬಿಚ್ಚಿ ದೊಡ್ಡದು ಮಾಡಿ ಅಂತ. ಮಗೂಗೆ ಬಟ್ಟೆ ಚಿಕ್ಕದು ಮಾಡಿ ಅಂತ ಒಬ್ಬರೂ ಕೇಳಿಲ್ಲ ನರ್ಸಮ್ಮ. ನನಗೆ ಹೊಳೀಲೇ ಇಲ್ಲ."

ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

ಅಜ್ಜಿ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಸಣ್ಣಗಾಗಿದಾನೆ, ಒಪ್ಕೊತೀನಿ. ಹೊಟ್ಟೆ ತುಂಬ ಹಾಕಿದ್ರೆ ದಪ್ಪ ಆಗ್ತಾನೆ. ಅದಕ್ಕೆ ಆಸ್ಪತ್ರೆ ಯಾಕೆ? ಮೈ ಮುಟ್ಟಿ ನೋಡು, ತಣ್ಣಗಿದೆ. ಜ್ವರ ಇಲ್ಲ ಅಂದ್ಮೇಲೆ ಕಾಯಿಲೆ ಇಲ್ಲ."

"ಅಜ್ಜಿ, ನನಗೆ ಹೆದರಿಕೆ ಆಗ್ತಿರೋದೇ ಅದಕ್ಕೆ" ಎಂದು ನರ್ಸಮ್ಮ ಅವರ ಪಕ್ಕ ಕೂತರು. "ಕಿವೀಲಿ ಕೀವು ವಾಸನೆ ಬರ್ತಿದೆ. ಉಸಿರು ಜೋರಾಗಿದೆ, ಪಕ್ಕೆ ಒಳಗೆ ಹೋಗ್ತಿದೆ ನೋಡಿ. ಒಳಗೆ ಸೋಂಕು ಇದೆ. ಚೆನ್ನಾಗಿ ತಿಂದುಂಡ ಮಗೂಗೆ ಇಷ್ಟೊತ್ತಿಗೆ ಮೈ ಕೆಂಡ ಆಗಿರ್ಬೇಕಿತ್ತು. ಜ್ವರ ಅಂದ್ರೆ ಮೈ ರೋಗದ ಜೊತೆ ಹೋರಾಡ್ತಿದೆ ಅಂತ. ಅದಕ್ಕೂ ಶಕ್ತಿ ಬೇಕು. ಇವನ ಮೈಗೆ ಬಿಸಿಯಾಗೋ ಶಕ್ತಿನೂ ಉಳಿದಿಲ್ಲ."

ಅಜ್ಜಿಯ ಕೈ ಮಗುವಿನ ಹಣೆಯ ಮೇಲೇ ಇತ್ತು. ಅವರು ಅದನ್ನು ತೆಗೆಯಲಿಲ್ಲ.

"ಊಟಕ್ಕೂ ರೋಗಕ್ಕೂ ಏನು ಸಂಬಂಧ?" ಎಂದು ಗುಂಡನ ತಾಯಿ ಕೇಳಿದಳು. ಮೆಲ್ಲಗೆ ಮಾತಾಡುವ ಹುಡುಗಿ ಅವಳು.

ನರ್ಸಮ್ಮ ದರ್ಜಿಯ ಕಡೆ ತಿರುಗಿದರು. "ಅಣ್ಣ, ನಿಮ್ಮ ಅಂಗಿ ಬಗಲಲ್ಲಿ ಹರಿದಿದೆ. ಯಾಕೆ ಹೊಲ್ಕೊಂಡಿಲ್ಲ?"

"ಗಿರಾಕಿ ಕೆಲಸ ಮುಗಿದ್ರೆ ತಾನೆ" ಎಂದ ಅವನು.

"ನೂಲು ಸ್ವಲ್ಪವೇ ಉಳಿದಿದ್ರೆ?"

"ಗಿರಾಕಿ ಬಟ್ಟೆಗೆ ಇಟ್ಕೊತೀನಿ. ನನ್ನದು ಹಾಗೇ ಇರತ್ತೆ."

"ಮಗೂ ಮೈಯೂ ಹಾಗೇ ಮಾಡತ್ತೆ. ಊಟ ಸಾಲದೆ ಹೋದ್ರೆ ಇರೋ ಚೂರನ್ನ ಎದೆ ಬಡಿಯೋಕೆ, ಮಿದುಳು ನಡೆಯೋಕೆ ಇಟ್ಕೊಳತ್ತೆ. ರೋಗ ತಡೆಯೋ ಕೆಲಸಕ್ಕೆ ಏನೂ ಉಳಿಯಲ್ಲ. ಚರ್ಮ ತೆಳ್ಳಗಾಗತ್ತೆ, ಕರುಳಿನ ಒಳಪದರ ಸವೆಯತ್ತೆ, ರೋಗಾಣುಗಳು ಸಲೀಸಾಗಿ ಒಳಗೆ ಬರ್ತವೆ. ರಕ್ತದಲ್ಲಿ ಅವುಗಳ ಜೊತೆ ಹೋರಾಡೋ ಕಣಗಳೂ ಸೊರಗಿರ್ತವೆ. ರೋಗ ಬಂದ್ರೆ ಮಗೂಗೆ ಹಸಿವಾಗಲ್ಲ. ಹಸಿವಾಗಲ್ಲ ಅಂತ ನಾವೂ ಊಟ ಕಡಿಮೆ ಮಾಡ್ತೀವಿ. ಮೈ ಇನ್ನೂ ಸೊರಗತ್ತೆ, ಇನ್ನೊಂದು ರೋಗ ಬರತ್ತೆ. ಗುಂಡನಿಗೆ ಆಗಿರೋದು ಇದೇ. ಈಗ ಮಾತಾಡೋದು ಬೇಡ, ಏಳಿ."

ನಾನು ಗಿರಣಿಗೆ ಬೀಗ ಹಾಕಿದೆ. ಹಿಟ್ಟಿಗೆ ಕಾದವರು ಬೈದುಕೊಂಡರು, ಬೈದುಕೊಳ್ಳಲಿ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಥರ್ಮಾಮೀಟರು ನೋಡಿ ಮಗುವಿನ ಮೈ ಇರಬೇಕಾದ ಬಿಸಿಗಿಂತ ತಣ್ಣಗಿದೆ ಎಂದರು. ಎದೆಗೆ ಕೊಳವೆ ಇಟ್ಟು ಕೇಳಿ, ಶ್ವಾಸಕೋಶದಲ್ಲಿ ಸೋಂಕಿದೆ, ವಾರ್ಡಿಗೆ ಸೇರಿಸಬೇಕು ಎಂದರು.

ದರ್ಜಿ ತಲೆ ಕೆರೆದುಕೊಂಡ. "ಔಷಧಿ ಬರೆದುಕೊಡಿ ಡಾಕ್ಟ್ರೇ, ಮನೇಲೇ ಕೊಡ್ತೀವಿ. ಶಾಲೆ ಬಟ್ಟೆ ಅಷ್ಟೂ ಬಾಕಿ ಇದೆ. ಮಾತು ಕೊಟ್ಟುಬಿಟ್ಟಿದೀನಿ."

"ಮನೆಗೆ ಕರ್ಕೊಂಡು ಹೋದ್ರೆ ಈ ಮಗು ಉಳಿಯೋದು ಕಷ್ಟ" ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ, ಮುಚ್ಚಿಡಲೂ ಇಲ್ಲ.

ಆಗ ಬಾಯಿಬಿಟ್ಟವಳು ಗುಂಡನ ತಾಯಿ. "ರೀ, ಮಕ್ಕಳು ಹಳೇ ಬಟ್ಟೆ ಹಾಕ್ಕೊಂಡು ಶಾಲೆಗೆ ಹೋಗ್ತಾರೆ. ಏನೂ ಆಗಲ್ಲ. ನಾನಂತೂ ಇಲ್ಲಿಂದ ಏಳಲ್ಲ. ನೀವೂ ಇಲ್ಲೇ ಇರಿ" ಎಂದಳು. ಮದುವೆಯಾದಂದಿನಿಂದ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಂಡ ಅಲ್ಲೇ ಅವಳ ಪಕ್ಕ ಕೂತ.

ವಾರ್ಡಿನಲ್ಲಿ ಮೊದಲ ಕೆಲಸ ಮಗುವನ್ನು ಬೆಚ್ಚಗಿಡುವುದು. ತಲೆಗೆ ಟೊಪ್ಪಿ ಹಾಕಿ, ಬರಿಮೈಯಲ್ಲಿ ತಂದೆಯ ಎದೆಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿದರು. ದರ್ಜಿ ತನ್ನ ಅಂಗಿಯ ಗುಂಡಿ ಬಿಚ್ಚಿ ಮಗನನ್ನು ಒಳಗಿಟ್ಟುಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂತ. ಒಂದು ಕಡೆ ಕೂರದ ಮನುಷ್ಯ, ಬಾಯಿಗೆ ಬೀಗ ಹಾಕಿಕೊಂಡು ಕೂತದ್ದನ್ನು ನೋಡಬೇಕಿತ್ತು. ಜ್ವರ ಇಲ್ಲದಿದ್ದರೂ ಸೋಂಕಿಗೆ ಔಷಧಿ ಶುರುಮಾಡಿದರು. ಎರಡೆರಡು ಗಂಟೆಗೊಮ್ಮೆ ಪುಟ್ಟ ಲೋಟದಲ್ಲಿ ವಿಶೇಷವಾಗಿ ತಯಾರಿಸಿದ ಹಾಲು ಕೊಟ್ಟರು. ಆ ಲೋಟ ನೋಡಿ ಅಜ್ಜಿಗೆ ಸಿಟ್ಟು ಬಂತು.

"ಹಸಿದು ಬಂದಿರೋ ಕೂಸಿಗೆ ಇಷ್ಟೇ ಹಾಲಾ? ಬೆಕ್ಕಿಗೂ ಇದಕ್ಕಿಂತ ಜಾಸ್ತಿ ಹಾಕ್ತೀವಿ ನಮ್ಮನೇಲಿ."

ಮಾರನೆಯ ದಿನ ಅವರು ಸೆರಗಿನಡಿಯಲ್ಲಿ ದೊಡ್ಡ ಡಬ್ಬಿ ಅಡಗಿಸಿಕೊಂಡು ಬಂದರು. ಅನ್ನ, ಬೇಳೆ, ಮೇಲೆ ಧಾರಾಳ ತುಪ್ಪ. ತಿಳಿನೀರಿನ ಅಜ್ಜಿ ಈಗ ಇನ್ನೊಂದು ದಡ ಸೇರಿದ್ದರು. ವಾರ್ಡಿನ ನರ್ಸ್ ಅವರನ್ನು ಬಾಗಿಲಲ್ಲೇ ಹಿಡಿದರು.

"ಅಮ್ಮಾ, ಪ್ರೀತಿಯಿಂದ ತಂದಿದೀರಿ, ಆದ್ರೆ ಈಗ ಕೊಡಬಾರದು. ತುಂಬಾ ದಿನ ಸೊರಗಿದ ಮೈ ಇದು. ಒಂದೇ ಸಲ ಜಾಸ್ತಿ ಕೊಟ್ರೆ ತಡೆಯಲ್ಲ, ಜೀವಕ್ಕೇ ಅಪಾಯ. ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ನೀವೇ ಸಾಕು ಅನ್ನೋಷ್ಟು ಕೊಡ್ತೀವಿ."

ಡಬ್ಬಿಯ ಊಟ ನಾನೂ ದರ್ಜಿಯ ಹೆಂಡತಿಯೂ ತಿಂದೆವು. ಚೆನ್ನಾಗಿಯೇ ಇತ್ತು. ಅಜ್ಜಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು.

ಒಂದು ಮಧ್ಯಾಹ್ನ ಹಾಲು ಬರುವುದು ತುಸು ತಡವಾಯಿತು. ಗುಂಡ ಅತ್ತಿತ್ತ ನೋಡಿದ, ತುಟಿ ಉಬ್ಬಿಸಿದ, ಆಮೇಲೆ ಬಾಯಿ ತೆರೆದು ಅಳತೊಡಗಿದ, ವಾರ್ಡಿನ ಆ ತುದಿಯವರೆಗೂ ಕೇಳಿಸಿತು. ಹಸಿದ ಮಗುವಿನ ಗಟ್ಟಿ ಅಳು. ಲೋಟ ತಂದವರ ಕೈಗೂ ಒಂದೇಟು ಹಾಕಿದ. "ಅಳ್ತಿದಾನೆ, ನಮ್ಮ ಗುಂಡ ಅಳ್ತಿದಾನೆ" ಎಂದು ಅಜ್ಜಿ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಹೇಳಿ ಬಂದರು. ಅವನ ತಾಯಿ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಗುವಿನ ಅಳು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಸೋಂಕು ಇಳಿದು, ಹಸಿವು ಚೆನ್ನಾಗಿ ಹುಟ್ಟಿದ ಮೇಲೆ ಮನೆಗೆ ಕಳಿಸಿದರು. ಜೊತೆಗೆ ಶಕ್ತಿಯ ಪೊಟ್ಟಣಗಳನ್ನು ಕೊಟ್ಟರು. ಕಡಲೆಕಾಯಿ, ಹಾಲಿನಪುಡಿ, ಎಣ್ಣೆ, ಸಕ್ಕರೆ ಸೇರಿಸಿ ಮಾಡಿದ ಪೇಸ್ಟು ಅದು. ಅದು ಔಷಧಿ, ಗುಂಡನಿಗೆ ಮಾತ್ರ, ಮನೆಯಲ್ಲಿ ಹಂಚಿಕೊಳ್ಳಬಾರದು ಎಂದು ಹೇಳಿದ್ದರು. ದರ್ಜಿ ಬೆರಳ ತುದಿಯಲ್ಲಿ ರುಚಿ ನೋಡಲು ಹೋಗಿ ತಾಯಿಯಿಂದ ಕೈಮೇಲೆ ಪೆಟ್ಟು ತಿಂದ.

ಅಂಗಡಿಯ ಕಾನೂನುಗಳು ಬದಲಾದವು. ಮಗುವಿಗೆ ಟೀ ಬಿಸ್ಕತ್ತು ಕೊಡುವ ಗಿರಾಕಿಗೆ ಬಟ್ಟೆ ತಡವಾಗಿ ಸಿಗುತ್ತದೆ ಎಂದು ದರ್ಜಿ ಸಾರಿದ. ಮಧ್ಯಾಹ್ನ ಸೂಜಿ ಕೆಳಗಿಟ್ಟು ಗುಂಡನ ತಾಯಿ ತಾನೇ ಕೂತು ಅವನ ತಟ್ಟೆಯಲ್ಲಿ ಅವನಿಗೆ ಉಣ್ಣಿಸತೊಡಗಿದಳು. ಮೆತ್ತಗೆ ಕಲಸಿದ ಅನ್ನ ಬೇಳೆಗೆ ಒಂದು ಚಮಚ ಎಣ್ಣೆ, ದಿನಕ್ಕೊಂದು ಮೊಟ್ಟೆ, ಸೊಪ್ಪು, ಬಾಳೆಹಣ್ಣು, ಹಾಲು. ಎಲ್ಲವೂ ಬೀದಿಯ ಅಂಗಡಿಯಲ್ಲಿ ಸಿಗುವಂಥದ್ದೇ. ಅಜ್ಜಿ ಸೋಪು ಹಾಕಿ ಕೈ ತೊಳೆಯದವರನ್ನು ತಟ್ಟೆಯ ಹತ್ತಿರವೂ ಬಿಡುತ್ತಿರಲಿಲ್ಲ, ನನ್ನ ಹಿಟ್ಟಿನ ಕೈಯನ್ನಂತೂ ಮೊದಲೇ ಬಿಡುತ್ತಿರಲಿಲ್ಲ. ನೀಲಿ ಅಂಗಿಯ ಹೊಲಿಗೆಗಳನ್ನು ದರ್ಜಿ ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿದ. ಆಮೇಲೆ ಅದೂ ಬಿಗಿಯಾಯಿತು, ಒರೆಸುವ ಬಟ್ಟೆಯಾಯಿತು.

ವಾರಕ್ಕೊಮ್ಮೆ ಕೇಂದ್ರಕ್ಕೆ ಕರೆದುಕೊಂಡು ಹೋದಾಗ ನರ್ಸಮ್ಮ ಪಟ್ಟಿ ಸುತ್ತುತ್ತಿದ್ದರು. ಕೆಂಪು ಹೋಗಿ ಹಳದಿ ಬಂತು, ಹಳದಿ ಹೋಗಿ ಹಸಿರು ಬಂತು. ಅವತ್ತು ದರ್ಜಿ ಮತ್ತೆ ಹಳೆಯ ದರ್ಜಿಯಾದ.

"ಆಯ್ತಲ್ಲ ನರ್ಸಮ್ಮ, ಅಳತೆ ಸರಿಹೋಯ್ತು. ಇನ್ನು ಮುಂದೆ ಬರೋದು ಬೇಡ ತಾನೆ?"

"ಬರಬೇಕು ಅಣ್ಣ. ರಟ್ಟೆ ತುಂಬಿದ್ದು ಕಣ್ಣಿಗೆ ಕಾಣ್ಸತ್ತೆ, ಒಳಗಿನದು ಕಾಣ್ಸಲ್ಲ. ಎದೆ ಮೂಳೆ ಹಿಂದೆ ಒಂದು ಪುಟ್ಟ ಗ್ರಂಥಿ ಇದೆ. ರೋಗ ತಡೆಯೋ ಕಣಗಳು ಬಲಿತು ಕೆಲಸ ಕಲಿಯೋದು ಅಲ್ಲೇ. ಊಟ ಇಲ್ಲದೆ ಅದು ಕುಗ್ಗಿಹೋಗಿರತ್ತೆ. ಊಟ ಸಿಕ್ಕಿದ್ರೆ ಮತ್ತೆ ಬೆಳೆಯತ್ತೆ, ಆದ್ರೆ ರಟ್ಟೆಗಿಂತ ನಿಧಾನ. ಈಗ ಕೈಬಿಟ್ರೆ ಮೊದಲನೇ ಕೆಮ್ಮಿಗೇ ಮತ್ತೆ ಕೆಂಪಿಗೆ ಬರ್ತಾನೆ. ಇನ್ನೊಂದು ವಿಷಯ, ದಡಾರದ ಲಸಿಕೆ ಹಾಕಿಸಿಲ್ಲ ನೀವು."

"ಯಾವಾಗ ಹೋಗೋಣ ಅಂದ್ರೂ ಏನೋ ಒಂದು ಕಾಯಿಲೆ ಇರ್ತಿತ್ತು, ಮುಂದಕ್ಕೆ ಹಾಕಿದ್ವಿ" ಎಂದಳು ತಾಯಿ.

"ಸೊರಗಿದ ಮಗೂಗೆ ಲಸಿಕೆ ಎಲ್ಲರಿಗಿಂತ ಮೊದಲು ಬೇಕು. ಚೆನ್ನಾಗಿರೋ ಮಗು ದಡಾರ ತಡ್ಕೊಳ್ಳಬಹುದು, ಸೊರಗಿದ್ದು ತಡ್ಕೊಳ್ಳಲ್ಲ. ಸಣ್ಣ ನೆಗಡಿ ಇದ್ರೂ ಕರ್ಕೊಂಡು ಬನ್ನಿ. ಹಾಕಬೇಕೋ ಬೇಡವೋ ನಾವು ನೋಡಿ ಹೇಳ್ತೀವಿ."

ಅವತ್ತೇ ಹಾಕಿಸಿದರು. ಸೂಜಿ ಚುಚ್ಚಿದಾಗ ಗುಂಡ ಅತ್ತು ಇಡೀ ಕೇಂದ್ರ ಒಂದು ಮಾಡಿದ.

ಮೋಡದ ದಿನಗಳು ಬಂದಾಗ ಬೀದಿಯ ಮಕ್ಕಳಿಗೆಲ್ಲ ಕೆಮ್ಮು ನೆಗಡಿ ಹರಡಿತು. ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗಿರಣಿಗೆ ಬಂದಳು. ಮುಖ ಬಾಡಿತ್ತು. "ಅಕ್ಕ, ಮುಟ್ಟಿ ನೋಡಿ" ಎಂದಳು. ಮುಟ್ಟಿದೆ. ಹಣೆ ಸುಡುತ್ತಿತ್ತು. ಮೂಗು ಸೋರುತ್ತಿತ್ತು. ನನ್ನ ಕೈಯನ್ನು ಅವನು ಕೋಪದಿಂದ ತಳ್ಳಿದ.

"ಜ್ವರ" ಎಂದೆ.

"ಜ್ವರ" ಎಂದು ಹಿಂದೆಯೇ ಬಂದ ಅಜ್ಜಿಯೂ ಹೇಳಿದರು. ಅವರ ಕಣ್ಣಲ್ಲಿ ಭಯಕ್ಕಿಂತ ಬೇರೇನೋ ಇತ್ತು. "ನೋಡಮ್ಮ ಎಷ್ಟು ಬಿಸಿ ಇದಾನೆ. ಮೈ ಕೆಲಸ ಮಾಡ್ತಿದೆ."

ಹಾಗೆಂದು ಯಾರೂ ಮನೆಯಲ್ಲಿ ಕೂರಲಿಲ್ಲ. ಆಗಲೇ ಕೇಂದ್ರಕ್ಕೆ ಹೋಗಿ ತೋರಿಸಿದರು. ಎದೆ ಚೆನ್ನಾಗಿದೆ, ನೆಗಡಿ ಅಷ್ಟೇ, ಮನೆಗೆ ಕರೆದುಕೊಂಡು ಹೋಗಿ ಎಂದರು. ಈ ಸಲ ಹೊಟ್ಟೆಗೆ ರಜಾ ಇರಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ, ಅವನಿಗೆ ಇಷ್ಟವಾದದ್ದನ್ನೇ ಅಜ್ಜಿ ಕಥೆ ಹೇಳಿ ಹೇಳಿ ತಿನ್ನಿಸಿದರು. ಬೀದಿಯ ಬೇರೆ ಮಕ್ಕಳಿನ್ನೂ ಮೂಗೊರೆಸಿಕೊಳ್ಳುತ್ತಾ ಕೂತಿದ್ದಾಗ ಗುಂಡ ನನ್ನ ಗಿರಣಿಗೆ ನುಗ್ಗಿ, ಹಿಟ್ಟಿನ ಡಬ್ಬಿಗೆ ಎರಡೂ ಕೈ ಅದ್ದಿ, ಬೆಳ್ಳಗಾಗಿ ನಿಂತಿದ್ದ. ಎಳೆದು ಎತ್ತಿಕೊಳ್ಳಲು ಹೋದೆ, ಸೊಂಟ ಹಿಡಿದುಕೊಂಡಿತು. ಅವನ ಅಪ್ಪ ಎದುರಿನಿಂದ ನೋಡುತ್ತಾ, "ಏನಕ್ಕ, ಮೂಟೆ ಭಾರ ಆಯ್ತಾ?" ಎಂದು ಕೇಳಿದ. ಈ ಒಂದು ಸಲ ಅವನನ್ನು ಗೆಲ್ಲಲು ಬಿಟ್ಟೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಚಿಕ್ಕ ಮಗು ಇದ್ದೀತು. ಪದೇ ಪದೇ ಕಾಯಿಲೆ ಬೀಳುತ್ತಿದ್ದರೆ ಕಾಯಿಲೆಯ ಜೊತೆ ತಟ್ಟೆಯನ್ನೂ ನೋಡಿ. ಭೇದಿಯಾಗಲಿ ಕೆಮ್ಮಾಗಲಿ, ಊಟ ನಿಲ್ಲಿಸಬೇಡಿ. ಎದೆಹಾಲು ಕುಡಿಯುವ ಮಗುವಾದರೆ ಅದನ್ನೂ ನಿಲ್ಲಿಸಬೇಡಿ. ಕಾಯಿಲೆ ವಾಸಿಯಾದ ಮೇಲೆ ದಿನಕ್ಕೆ ಒಂದು ಹೊತ್ತು ಹೆಚ್ಚೇ ಉಣ್ಣಿಸಿ. ಸೊರಗಿದ ಮಗು ಸುಮ್ಮನೆ ಬಿದ್ದುಕೊಂಡಿದ್ದರೆ, ಮೈ ತಣ್ಣಗಿದ್ದರೆ, ಏನು ಕೊಟ್ಟರೂ ಬೇಡವೆಂದರೆ, ಜ್ವರ ಇಲ್ಲವಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಎರಡೂ ಪಾದ ಊದಿಕೊಂಡು, ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತಿದ್ದರೆ, ಮಗು ದಪ್ಪಗಾಗುತ್ತಿದೆ ಎಂದು ಖುಷಿಪಡಬೇಡಿ, ಅದೂ ಅಪಾಯದ ಗುರುತು. ಲಸಿಕೆಗಳನ್ನು ಮುಂದಕ್ಕೆ ಹಾಕಬೇಡಿ.

ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಮಗುವಿನ ರಟ್ಟೆ ಅಳೆಸಿ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಹಸಿರು ಬಂದರೆ ನಕ್ಕುಕೊಂಡು ಮನೆಗೆ ಬನ್ನಿ. ಹಳದಿ ಬಂದರೆ ಅವರು ಹೇಳಿದಂತೆ ಮಾಡಿ. ಕೆಂಪು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅಂಗಡಿ, ಹೊಲ, ಕೆಲಸ ಎಂದು ನೆಪ ಹೇಳಿ ಮನೆಗೆ ಓಡಿ ಬರಬೇಡಿ. ಎದುರು ಮನೆಯವರಿಗೆ ಒಂದು ಮಾತು ಹೇಳಿ, ಅವರು ಬಾಗಿಲು ನೋಡಿಕೊಳ್ಳುತ್ತಾರೆ. ನೀವು ಮಗುವಿನ ಜೊತೆ ಅಲ್ಲೇ ಇರಿ. ಗುಂಡನ ತಾಯಿ ಅವತ್ತು ಅಲ್ಲಿಂದ ಏಳಲ್ಲ ಎಂದು ಕೂತಳಲ್ಲ, ಅದಕ್ಕೇ ಇವತ್ತು ಅವಳ ಮಡಿಲಲ್ಲಿ ಮಗು ಇದೆ.